ಎಷ್ಟು ಜಿಗಿಸಬೇಕು, ಎಷ್ಟು ಎತ್ತರದಿಂದ: ಜಂಪ್ ಟ್ರೈನಿಂಗ್‌ನಲ್ಲಿ ನನ್ನ ಅನುಭವ

ಚಿತ್ರದುರ್ಗದಲ್ಲಿ ಉದ್ದಜಿಗಿತ, ಖೋಖೋ, ವಾಲಿಬಾಲ್ ಹುಡುಗ ಹುಡುಗಿಯರಿಗೆ ಪ್ಲೈಯೋಮೆಟ್ರಿಕ್ (ನೆಲ ಮುಟ್ಟಿ ಚುರುಕಾಗಿ ಪುಟಿದೇಳುವ ಜಿಗಿತದ ವ್ಯಾಯಾಮ) ಮಾಡಿಸುವಾಗ ನಾನು ಲೆಕ್ಕ ಇಡುವುದು ಪಾದ ಎಷ್ಟು ಸಲ ನೆಲ ಮುಟ್ಟಿತು ಎಂಬುದನ್ನು. ಎರಡು ಕಾಲು ಒಟ್ಟಿಗೆ ಮುಟ್ಟಿದರೆ ಒಂದು. ಒಂಟಿಕಾಲಲ್ಲಿ ಕುಂಟಿಸಿದರೆ ಪ್ರತಿ ಕಾಲಿಗೂ ಬೇರೆ ಲೆಕ್ಕ.

ಹೊಸಬರಿಗೆ ಒಂದು ದಿನಕ್ಕೆ 80ರಿಂದ 100, ಸ್ವಲ್ಪ ಪಳಗಿದವರಿಗೆ 120ರ ತನಕ, ಚೆನ್ನಾಗಿ ಪಳಗಿದವರಿಗೆ 140. ನನ್ನ ಆರಂಭದ 80 ಹೀಗಿರುತ್ತದೆ: ಪೋಗೋ ಜಂಪ್ (ಮಂಡಿ ಹೆಚ್ಚು ಮಡಚದೆ ಪಾದದಲ್ಲೇ ಪುಟಿಯುವುದು) 10ರಂತೆ ಮೂರು ಸೆಟ್, ಬಾಕ್ಸ್ ಮೇಲಕ್ಕೆ ಜಿಗಿತ 5ರಂತೆ ನಾಲ್ಕು, ನಿಂತಲ್ಲಿಂದ ಉದ್ದಜಿಗಿತ 3ರಂತೆ ಐದು, 15 ಸೆಂ.ಮೀ. ಹರ್ಡಲ್ 5ರಂತೆ ಮೂರು. ವಾರಕ್ಕೆ ಎರಡೇ ದಿನ, ನಡುವೆ ಕನಿಷ್ಠ 48 ಗಂಟೆ.

ಆದರೆ ಈ ಸಂಖ್ಯೆಗಳು ಹಗುರ ಜಿಗಿತಗಳಿಗೆ. ಡೆಪ್ತ್ ಜಂಪ್ (ಬಾಕ್ಸ್‌ನಿಂದ ಕೆಳಕ್ಕೆ ಇಳಿದು, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಜಿಗಿಯುವುದು) ಬಂದ ದಿನ ಒಟ್ಟು 40-50ಕ್ಕೆ ಇಳಿಸುತ್ತೇನೆ, ಅದರಲ್ಲಿ ಡೆಪ್ತ್ ಜಂಪ್ 20 ದಾಟುವುದಿಲ್ಲ. ಎತ್ತರವನ್ನೂ ಸಂಖ್ಯೆಯನ್ನೂ ಒಂದೇ ವಾರ ಏರಿಸಿದರೆ ಮೊದಲು ದೂರುವುದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು.

ಬಾಕ್ಸ್ ಎತ್ತರವಾದಷ್ಟೂ ಕಷ್ಟ ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿ. ಮೇಲಕ್ಕೆ ಹಾರಿದಾಗ ಬಾಕ್ಸ್ ಮೇಲೆ ಇಳಿಯುವ ದೂರ ಕಡಿಮೆ, ಪೆಟ್ಟೂ ಕಡಿಮೆ. ತೀರಾ ಎತ್ತರವಾದರೆ ಮಂಡಿಯನ್ನು ಎದೆಗೆ ಮಡಚಿ ಹತ್ತುತ್ತಾರೆ, ಜಿಗಿತ ಹೆಚ್ಚಿರುವುದಿಲ್ಲ. ನಿಜವಾದ ಪೆಟ್ಟು ಬಾಕ್ಸ್‌ನಿಂದ ಕೆಳಕ್ಕೆ ಹಾರಿದಾಗ. ಅದಕ್ಕೇ ಹತ್ತಿದ ಮೇಲೆ ಒಂದೊಂದೇ ಕಾಲಿಟ್ಟು ಇಳಿಯಬೇಕು.

ಡೆಪ್ತ್ ಜಂಪ್‌ನ ಎತ್ತರವನ್ನು ಮೊಬೈಲ್‌ನಲ್ಲೇ ನಿಗದಿ ಮಾಡುತ್ತೇನೆ. ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇಟ್ಟು, ಪಾದದ ಮಟ್ಟದಲ್ಲಿ ಪಕ್ಕದಿಂದ ಶೂಟ್ ಮಾಡಿ, ಪಾದ ನೆಲ ಮುಟ್ಟಿದ್ದರಿಂದ ಬಿಡುವ ತನಕ ಫ್ರೇಮ್ ಎಣಿಸಬೇಕು. 60 ಫ್ರೇಮ್ ಅಂದರೆ ಕಾಲು ಸೆಕೆಂಡು. ಅದಕ್ಕಿಂತ ಹೆಚ್ಚು ನಿಂತರೆ ಆ ಎತ್ತರ ಅವರಿಗಲ್ಲ. 30 ಸೆಂ.ಮೀ. ಬಾಕ್ಸ್‌ನಿಂದ ಇಳಿದು 48 ಫ್ರೇಮ್ ನೆಲದಲ್ಲಿ, 120 ಫ್ರೇಮ್ ಗಾಳಿಯಲ್ಲಿ ಎಂದಿಟ್ಟುಕೊಳ್ಳಿ. ಗಾಳಿಯಲ್ಲಿದ್ದದ್ದು 0.5 ಸೆಕೆಂಡು, ಅದರ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಜಿಗಿತ ಸುಮಾರು 31 ಸೆಂ.ಮೀ. 40ರ ಬಾಕ್ಸ್‌ಗೆ ಹೋದಾಗ ಜಿಗಿತ ಅಷ್ಟೇ ಇದ್ದು ನೆಲದ ಮೇಲೆ 66 ಫ್ರೇಮ್ ಆಯಿತೆಂದರೆ 30ಕ್ಕೇ ವಾಪಸ್. ಹಿಮ್ಮಡಿ ನೆಲಕ್ಕೆ ಬಡಿದು ‘ಧಪ್’ ಎಂದರೂ, ಮಂಡಿ ಒಳಕ್ಕೆ ವಾಲಿದರೂ ಸೆಟ್ ಅಲ್ಲಿಗೇ ನಿಲ್ಲಿಸುತ್ತೇನೆ, ಎರಡು ಬಾಕಿ ಇದ್ದರೂ ಸರಿ. 16 ತುಂಬದವರಿಗೆ ನನ್ನಲ್ಲಿ ಡೆಪ್ತ್ ಜಂಪ್ ಇಲ್ಲ. 100 ಕೆ.ಜಿ. ದಾಟಿದ ಎಸೆತಗಾರರಿಗೆ 45 ಸೆಂ.ಮೀ. ಗರಿಷ್ಠ.

ಬಿಡುವಿನ ವಿಷಯದಲ್ಲಿ ಹಟ ಮಾಡಲೇಬೇಕು. ಡೆಪ್ತ್ ಜಂಪ್‌ನಲ್ಲಿ ಒಂದೊಂದರ ನಡುವೆ 5ರಿಂದ 10 ಸೆಕೆಂಡು, ಸೆಟ್ ನಡುವೆ 2-3 ನಿಮಿಷ. ಏದುಸಿರು ಬಂದಿರುವುದಿಲ್ಲ, ಹಾಗಾಗಿ ‘ಸರ್, ಇನ್ನೊಂದು ಸೆಟ್ ಹೊಡೀತೀನಿ’ ಅಂತ ಎದ್ದೇ ಬಿಡುತ್ತಾರೆ. ದಣಿಯುವುದು ಉಸಿರಲ್ಲ, ನರಮಂಡಲ. ಬಿಡುವು ಕಡಿಮೆಯಾದರೆ ಪುಟಿಯುವ ವೇಗ ಹೋಗಿ ಅದು ಬರೀ ದಮ್ಮಿನ ಕೆಲಸವಾಗುತ್ತದೆ.

ನೆಲ: ಹುಲ್ಲು ಅಥವಾ ಹಿಂದಿನ ಸಂಜೆ ನೀರು ಹಾಯಿಸಿದ ಕೆಮ್ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆನೆಲ ಬೇಡ. ಕೋಟೆಯ ಮೆಟ್ಟಿಲು ಹತ್ತಿಸುವುದಕ್ಕೆ ನನ್ನ ತಕರಾರಿಲ್ಲ, ಆ ಕಲ್ಲಿನ ಮೇಲೆ ಕೆಳಕ್ಕೆ ಜಿಗಿಸುವುದು ಮಾತ್ರ ಬೇಡವೇ ಬೇಡ. ದಪ್ಪ ಫೋಮ್ ಮ್ಯಾಟ್, ಆಳವಾದ ಮರಳೂ ಆಗದು. ಪಾದ ಹೂತು ನೆಲದ ಮೇಲಿನ ಸಮಯ ಹೆಚ್ಚುತ್ತದೆ.

ಕ್ರೀಡಾಕೂಟ ಹತ್ತಿರ ಬಂದಾಗ ಎತ್ತರ ಹಾಗೇ ಇಟ್ಟು ಸಂಖ್ಯೆ ಅರ್ಧ ಮಾಡುತ್ತೇನೆ. ಕೊನೆಯ ಡೆಪ್ತ್ ಜಂಪ್ ಕೂಟಕ್ಕೆ ಐದಾರು ದಿನ ಮುಂಚೆ. ಆಮೇಲೆ ಪೋಗೋ ಮಾತ್ರ.