ಹಾನ್ಲೆಯಲ್ಲಿ ಆಕಾಶಗಂಗೆಯ ಫೋಟೊ ತೆಗೆಯುವುದು ಹೀಗೆ

ಆಕಾಶಗಂಗೆಯ ದಟ್ಟ ನಡುಭಾಗ ರಾತ್ರಿಯ ಮೊದಲರ್ಧದಲ್ಲೇ ಚೆನ್ನಾಗಿ ಸಿಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಮ್ಮಲ್ಲಿ ಅದು ಮಳೆಗಾಲ. ಮಲೆನಾಡಿನ ಗುಡ್ಡದ ಮೇಲೆ ಟ್ರೈಪಾಡ್ ಇಟ್ಟುಕೊಂಡು ಕೂತವರಿಗೆ ಆಗ ಸಿಗುವುದು ಮೋಡ ಮತ್ತು ಜಿಗಣೆ. ಹಿಮಾಲಯದ ಮಳೆನೆರಳಿನಲ್ಲಿರುವ ಲಡಾಖ್‌ನ ಹಾನ್ಲೆಯಲ್ಲಿ ಅದೇ ತಿಂಗಳುಗಳಲ್ಲಿ ಆಕಾಶ ತೆರೆದಿರುವ ಸಾಧ್ಯತೆ ಹೆಚ್ಚು. ಅಲ್ಲಿನ ಬೆಟ್ಟದ ಮೇಲೆ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರದಿಂದ. ಸುತ್ತಲಿನ ಪ್ರದೇಶ 2022ರಿಂದ ಕತ್ತಲ ಆಕಾಶದ ಸಂರಕ್ಷಿತ ತಾಣ.

ದಿನ ಗೊತ್ತು ಮಾಡಿಕೊಳ್ಳುವುದು

ಟಿಕೆಟ್ ತೆಗೆಯುವ ಮೊದಲು ಪಂಚಾಂಗ ತೆಗೆಯಿರಿ. ಅಮಾವಾಸ್ಯೆಗೆ ನಾಲ್ಕೈದು ದಿನ ಹಿಂದೆ, ಮೂರ್ನಾಲ್ಕು ದಿನ ಮುಂದೆ ಒಳ್ಳೆಯ ಕಾಲ. ಕೃಷ್ಣ ಪಕ್ಷದ ದಶಮಿಯಂದು ಚಂದ್ರ ಹುಟ್ಟುವುದು ನಡುರಾತ್ರಿ ದಾಟಿದ ಮೇಲೆ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಜುಲೈ ಮಧ್ಯದಲ್ಲಿ ಆಕಾಶಗಂಗೆಯ ಕೇಂದ್ರ ನೇರ ದಕ್ಷಿಣಕ್ಕೆ ಬರುವುದು ರಾತ್ರಿ ಹತ್ತೂವರೆಯ ಸುಮಾರಿಗೆ. ತಿಂಗಳು ಕಳೆದಂತೆ ಈ ಹೊತ್ತು ಎರಡೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ಸೂರ್ಯ ಮುಳುಗಿ ಒಂದೂವರೆ ಗಂಟೆ ಕಳೆದರೂ ಪೂರ್ತಿ ಕತ್ತಲಾಗಿರುವುದಿಲ್ಲ, ಅವಸರ ಬೇಡ. ಜುಲೈ, ಆಗಸ್ಟ್‌ನಲ್ಲಿ ಅಲ್ಲೂ ಒಮ್ಮೊಮ್ಮೆ ಮೋಡ ಕವಿಯುತ್ತದೆ. ಒಂದೇ ರಾತ್ರಿಗೆಂದು ಹೋಗುವುದು ಜೂಜು, ಮೂರು ರಾತ್ರಿ ಇಟ್ಟುಕೊಳ್ಳಿ.

ಲೇಹ್‌ನಿಂದ ಹಾನ್ಲೆಗೆ ಸುಮಾರು 250 ಕಿ.ಮೀ. ಗಡಿ ಪ್ರದೇಶಕ್ಕೆ ಹೋಗುವ ಅನುಮತಿ ಪತ್ರ (ಇನ್ನರ್ ಲೈನ್ ಪರ್ಮಿಟ್) ಬೇಕೇ ಎಂದು ಲೇಹ್‌ನಲ್ಲೇ ವಿಚಾರಿಸಿ, ಬೇಕಿದ್ದರೆ ಮಾಡಿಸಿಕೊಳ್ಳಿ. ಬೆಂಗಳೂರಿನಿಂದ ವಿಮಾನದಲ್ಲಿ 3,500 ಮೀಟರ್ ಎತ್ತರಕ್ಕೆ ಇಳಿದವರು ಮೊದಲ ಎರಡು ದಿನ ಲೇಹ್‌ನಲ್ಲೇ ಸುಮ್ಮನಿರಬೇಕು. ತಲೆನೋವು, ವಾಕರಿಕೆ ಇದ್ದರೆ ಇನ್ನೂ ಮೇಲೆ ಹೋಗಲೇಬೇಡಿ. ಆಕಾಶಗಂಗೆ ಮುಂದಿನ ವರ್ಷವೂ ಇರುತ್ತದೆ.

ಚೀಲದಲ್ಲಿ ಏನಿರಬೇಕು

ಮ್ಯಾನುಯಲ್ ಮೋಡ್ ಇರುವ ಯಾವುದೇ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ, 14ರಿಂದ 24 ಮಿ.ಮೀ. ನಡುವಿನ ಎಫ್ 2.8 ಅಥವಾ ಅದಕ್ಕಿಂತ ದೊಡ್ಡ ಬಾಯಿಯ ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು), ಗಟ್ಟಿ ಟ್ರೈಪಾಡ್, ಕೆಂಪು ಬೆಳಕಿನ ಹೆಡ್‌ಲ್ಯಾಂಪ್. ಬ್ಯಾಟರಿ ಮೂರಾದರೂ ಇರಲಿ. ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ; ಬಿಡಿ ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಳ್ಳಿ. ವಿಮಾನದಲ್ಲಿ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್ ಪವರ್ ಬ್ಯಾಂಕ್ 74 ವ್ಯಾಟ್ ಅವರ್ ಆಗುತ್ತದೆ, 100ರ ಮಿತಿಯೊಳಗಿದೆ.

ಜಾಗ ನೋಡಿಡುವುದು ಹಗಲಲ್ಲಿ

ಇಲ್ಲಿ ಎಡವುವವರು ಬಹಳ. ಉತ್ತರಕ್ಕೆ ಹೋದಷ್ಟೂ ಆಕಾಶಗಂಗೆಯ ಕೇಂದ್ರ ಕೆಳಗಿಳಿಯುತ್ತದೆ. ಬೆಂಗಳೂರಿನಲ್ಲಿ ದಿಗಂತದಿಂದ 48 ಡಿಗ್ರಿ ಏರುವ ಅದು ಹಾನ್ಲೆಯಲ್ಲಿ ಏರುವುದು 28 ಡಿಗ್ರಿ ಮಾತ್ರ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನೀವು ತೆಗೆಯಬೇಕಾದ ಕೇಂದ್ರ ಇರುವುದು ದಿಗಂತದಿಂದ ಮೂರು ಮುಷ್ಟಿ ಎತ್ತರದೊಳಗೆ. ದಕ್ಷಿಣಕ್ಕೆ ಎರಡು ಮುಷ್ಟಿ ಎತ್ತರದ ಗುಡ್ಡ ಅಡ್ಡವಿದ್ದರೆ ಜಾಗ ಬದಲಿಸಿ. ಸ್ಟೆಲೇರಿಯಂ ಆ್ಯಪ್‌ನಲ್ಲಿ ಊರು, ದಿನ, ಹೊತ್ತು ಕೊಟ್ಟು ನೋಡಿಡಿ. ಕತ್ತಲಾದ ಮೇಲೆ ಕೆಂಪಗೆ ಹೊಳೆಯುವ ಜ್ಯೇಷ್ಠಾ ಹುಡುಕಿ, ಅಲ್ಲಿಂದ ಚೇಳಿನ ಕೊಂಡಿಯಂತೆ ಕೆಳಗೆ ಇಳಿದರೆ ಮೂಲಾ. ಅದರ ಮೇಲೆ, ತುಸು ಎಡಕ್ಕೆ, ಧನು ರಾಶಿಯ ಕಡೆಗೆ, ಹೊಗೆಯಂತೆ ಕಾಣುವುದೇ ಕೇಂದ್ರ.

ಫೋಕಸ್

ಲೆನ್ಸ್ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಆಟೊಫೋಕಸ್ ಮತ್ತು ಕ್ಯಾಮೆರಾದ ನಡುಕ ತಡೆಯುವ ಸೌಲಭ್ಯ, ಎರಡನ್ನೂ ಆಫ್ ಮಾಡಿ. ಸ್ವಾತಿ ಅಥವಾ ಅಭಿಜಿತ್ ನಕ್ಷತ್ರವನ್ನು ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂಬದಿ ಪರದೆಯಲ್ಲಿ, 10 ಪಟ್ಟು ಹಿಗ್ಗಿಸಿ. ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಂತೆ ಹತ್ತಿಯುಂಡೆಯಂತಿದ್ದ ಚುಕ್ಕಿ ಕುಗ್ಗುತ್ತ ಬರುತ್ತದೆ, ಗೆರೆ ದಾಟಿದರೆ ಮತ್ತೆ ಊದಿಕೊಳ್ಳುತ್ತದೆ. ಅತಿ ಚಿಕ್ಕದಾಗಿದ್ದ ಜಾಗಕ್ಕೆ ಹಿಂದಿರುಗಿ. ಪಕ್ಕದಲ್ಲಿ ಅದುವರೆಗೆ ಇಲ್ಲದ ಮಸುಕು ಚುಕ್ಕಿಗಳು ತಟ್ಟನೆ ಮೂಡಿದರೆ ಸರಿಯಾಯಿತು ಎಂದರ್ಥ. ಉಂಗುರಕ್ಕೆ ಟೇಪ್ ಅಂಟಿಸಿ. ಆದರೂ ಗಂಟೆಗೊಮ್ಮೆ ಪರೀಕ್ಷಿಸಿ: ಚಳಿ ಹೆಚ್ಚಿದಂತೆ ಲೋಹ, ಗಾಜು ಕುಗ್ಗಿ ಫೋಕಸ್ ಸರಿಯುತ್ತದೆ.

ಎಷ್ಟು ಸೆಕೆಂಡ್?

ಭೂಮಿ ತಿರುಗುತ್ತಲೇ ಇರುವುದರಿಂದ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕಿ ಗೀಟಾಗುತ್ತದೆ. 500ನ್ನು ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲಿರುವ ಮಿ.ಮೀ. ಸಂಖ್ಯೆ) ಭಾಗಿಸುವ ಹಳೆಯ ಲೆಕ್ಕ ಫಿಲ್ಮ್ ಕಾಲಕ್ಕೆ ಸರಿ. ಇಂದಿನ ಸೆನ್ಸರ್‌ಗಳಿಗೆ 300 ಇಟ್ಟುಕೊಳ್ಳಿ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 20 ಮಿ.ಮೀ. ಲೆನ್ಸ್‌ಗೆ 15 ಸೆಕೆಂಡ್. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಆದರೆ ಇನ್ನೊಮ್ಮೆ 1.5ರಿಂದ ಭಾಗಿಸಿ, 10 ಸೆಕೆಂಡ್. ಎಫ್ 2.8, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 3200, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) 4000 ಕೆಲ್ವಿನ್, ಫೈಲ್ ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ. ಶಟರ್ ಒತ್ತುವಾಗ ಕೈ ಅಲುಗದಂತೆ 2 ಸೆಕೆಂಡ್ ಟೈಮರ್ ಹಾಕಿ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಕ್ಯಾಮೆರಾ ಪರದೆ ಯಾವಾಗಲೂ ಹೆಚ್ಚು ಬೆಳಕಾಗಿ ಕಾಣುವುದರಿಂದ ಚಿತ್ರ ಚೆನ್ನಾಗಿದೆ ಎನಿಸುತ್ತದೆ, ಊರಿಗೆ ಬಂದು ನೋಡಿದರೆ ಕಪ್ಪು. ಚಿತ್ರದ ಬೆಳಕನ್ನು ತೋರುವ ಗ್ರಾಫ್ ಆದ ಹಿಸ್ಟೋಗ್ರಾಂ ನೋಡಿ, ಅದರ ಗುಡ್ಡೆ ಎಡ ಅಂಚಿಗೆ ಅಂಟಿರಬಾರದು.

ಮೊಬೈಲ್ ಮಾತ್ರ ಇದ್ದರೆ? ಪ್ರೊ ಮೋಡ್‌ನಲ್ಲಿ ಮುಖ್ಯ ಲೆನ್ಸ್‌ಗೆ ಐಎಸ್‌ಒ 1600ರಿಂದ 3200, 12ರಿಂದ 15 ಸೆಕೆಂಡ್. ಟ್ರೈಪಾಡ್ ಅದಕ್ಕೂ ಬೇಕು.

ಒಂದೇ ಚಿತ್ರಕ್ಕೆ ತೃಪ್ತರಾಗದೆ, ಟ್ರೈಪಾಡ್ ಮುಟ್ಟದೆ, ಅದೇ ಸೆಟ್ಟಿಂಗ್‌ನಲ್ಲಿ 16 ಚಿತ್ರ ತೆಗೆಯಿರಿ. ಕೊನೆಗೆ ಲೆನ್ಸ್ ಮುಚ್ಚಳ ಹಾಕಿ ಅದೇ ಸೆಟ್ಟಿಂಗ್‌ನಲ್ಲಿ 10 ಕಪ್ಪು ಚಿತ್ರ, ಸೆನ್ಸರ್‌ನದೇ ಕಲೆಗಳನ್ನು ಕಳೆಯಲು. ಇವನ್ನು ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಸೀಕ್ವೇಟರ್ ತಂತ್ರಾಂಶಕ್ಕೆ ಕೊಟ್ಟರೆ ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸುತ್ತದೆ. 16 ಚಿತ್ರ ಸೇರಿದರೆ ಕಾಳುಕಾಳಾದ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಸಾವಿರಾರು ರೂಪಾಯಿಯ ಹೊಸ ಲೆನ್ಸ್‌ಗಿಂತ ಈ ನಾಲ್ಕು ನಿಮಿಷದ ತಾಳ್ಮೆ ಲಾಭದ್ದು.

ಕೈಕೊಡುವ ಸಂಗತಿಗಳು

ಗಾಳಿ ಇದ್ದರೆ ಟ್ರೈಪಾಡ್‌ನ ನಡುಗಂಬ ಎತ್ತಬೇಡಿ, ಕೊನೆಯ ಸಪೂರ ಕಾಲುಗಳನ್ನು ಎಳೆಯಬೇಡಿ. ಚಿತ್ರದ ತುಂಬ ಹಸಿರು ಅಲೆಗಳು ಬಂದರೆ ಕ್ಯಾಮೆರಾ ಕೆಟ್ಟಿಲ್ಲ; ಅದು ಮೇಲಿನ ವಾತಾವರಣದ ಸಹಜ ಹೊಳಪು, ಕಡು ಕತ್ತಲಿರುವಲ್ಲಿ ಮಾತ್ರ ಸಿಗುವಂಥದ್ದು. ಗಾಜಿನ ಮೇಲೆ ಇಬ್ಬನಿ ಕಟ್ಟಿದರೆ ಬಟ್ಟೆಯಿಂದ ಒರೆಸಿ ಪ್ರಯೋಜನವಿಲ್ಲ, ಎರಡು ನಿಮಿಷಕ್ಕೆ ಮತ್ತೆ ಕಟ್ಟುತ್ತದೆ. ಕೈ ಬೆಚ್ಚಗಿಡುವ ಪೊಟ್ಟಣವನ್ನು ರಬ್ಬರ್ ಬ್ಯಾಂಡ್‌ನಿಂದ ಲೆನ್ಸ್‌ಗೆ ಕಟ್ಟಿ. ಕಾರಿನ ಹೆಡ್‌ಲೈಟ್, ಮೊಬೈಲ್ ಟಾರ್ಚ್ ಎರಡೂ ಬೇಡ. ಬಿಳಿ ಬೆಳಕು ಬಿದ್ದ ಕಣ್ಣು ಮತ್ತೆ ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು; ಪಕ್ಕದಲ್ಲಿರುವವರ ಚಿತ್ರವೂ ಹಾಳು.

ಕೋಣೆಗೆ ಮರಳುವಾಗ ಕ್ಯಾಮೆರಾವನ್ನು ಹೊರಗೇ ಜಿಪ್ ಚೀಲದಲ್ಲಿ ಮುಚ್ಚಿ. ತಣ್ಣಗಿನ ಲೆನ್ಸ್ ಬೆಚ್ಚಗಿನ ಕೋಣೆ ಹೊಕ್ಕರೆ ಒಳಗೂ ಹೊರಗೂ ತೇವ ಕೂರುತ್ತದೆ. ಮೆಮೊರಿ ಕಾರ್ಡನ್ನು ಮೊದಲೇ ತೆಗೆದುಕೊಂಡಿದ್ದರೆ ಚೀಲವನ್ನು ಬೆಳಗಿನವರೆಗೆ ತೆರೆಯುವ ಅಗತ್ಯವೇ ಬೀಳುವುದಿಲ್ಲ.