ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕುಸ್ತಿ: ನಾನು ಲೆಕ್ಕ ಬರೆದಿಟ್ಟ ಬಗೆ

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಕ್ರೀಡಾಂಗಣದಲ್ಲಿ ನಡೆದ ರೆಸ್ಲಿಂಗ್ ಬಗ್ಗೆ ಕೆಲವು ವರ್ಷಗಳಿಂದ ಮಾಹಿತಿ ಕೂಡಿಹಾಕುತ್ತಿದ್ದೇನೆ. ಹಳೇ ಟಿಕೆಟ್ ಚೂರು, ಪ್ರೋಗ್ರಾಂ ಪುಸ್ತಕ, ಲೈಬ್ರರಿಯ ಮೈಕ್ರೋಫಿಲ್ಮಿನಲ್ಲಿರುವ ಪೇಪರ್, ಇಷ್ಟೇ ನನ್ನ ಬಂಡವಾಳ. ಟ್ರಂಪ್ ಕಾರ್ಡ್ ಆಡಿ ಬೆಳೆದ ನಮಗೆಲ್ಲ ಪೈಲ್ವಾನರ ತೂಕ, ಎತ್ತರ ಬಾಯಿಪಾಠ. ಅವರು ಸೆಣಸಿದ ಜಾಗದ ಕಥೆ ಮಾತ್ರ ಯಾರೂ ಕೇಳುವುದಿಲ್ಲ.

ಕೈಗೆ ಏನೇ ಸಿಕ್ಕರೂ ನಾನು ಮೊದಲು ನೋಡುವುದು ವರ್ಷ ಮತ್ತು ವಿಳಾಸ. ಯಾಕೆಂದರೆ ಈ ಹೆಸರಿನ ಕಟ್ಟಡ ಒಂದಲ್ಲ, ನಾಲ್ಕು. 1879ರದ್ದು, 1890ರದ್ದು ಎರಡೂ ಮ್ಯಾಡಿಸನ್ ಸ್ಕ್ವೇರ್ ಪಕ್ಕದಲ್ಲೇ ಇದ್ದವು. ಮೂರನೆಯದು 1925ರಲ್ಲಿ ಎಂಟನೇ ಅವೆನ್ಯೂಗೆ ಬಂತು. ಈಗಿರುವುದು ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಮೇಲೆ, 1968ರಿಂದ. ಪೈಲ್ವಾನ್ ವಿಲಿಯಂ ಮಲ್ಡೂನ್ 1880ರಲ್ಲಿ ಕುಸ್ತಿ ಗೆದ್ದದ್ದು ಮೊದಲನೆಯದರಲ್ಲಿ. 1963ರ ಮೇ 17ರಂದು ಬ್ರೂನೊ ಸಮ್ಮಾರ್ಟಿನೊ 48 ಸೆಕೆಂಡಿನಲ್ಲಿ ಬಡ್ಡಿ ರಾಜರ್ಸ್ ಅವರನ್ನು ಸೋಲಿಸಿದ್ದು ಮೂರನೆಯದರಲ್ಲಿ. ಹಲ್ಕ್ ಹೋಗನ್ 1984ರಲ್ಲಿ ಚಾಂಪಿಯನ್ ಬೆಲ್ಟ್ ಗೆದ್ದದ್ದು ನಾಲ್ಕನೆಯದರಲ್ಲಿ. ಇದನ್ನೆಲ್ಲ ಒಂದೇ ಸೂರಿನಡಿ ನಡೆದ ಹಾಗೆ ಬರೆದುಬಿಟ್ಟರೆ ಚರಿತ್ರೆಯೇ ಕಲಸಿಹೋಗುತ್ತದೆ, ಅಲ್ವಾ?

ಎರಡನೇ ಕೆಲಸ, ಜನ ಎಷ್ಟು ಬಂದಿದ್ದರು ಅಂತ ನೋಡುವುದು. ಸಮ್ಮಾರ್ಟಿನೊ ಗಾರ್ಡನ್ನನ್ನು 187 ಸಲ ಹೌಸ್‌ಫುಲ್ ಮಾಡಿದರು ಎಂಬ ಮಾತು ಎಲ್ಲ ಕಡೆ ಇದೆ. ನಾನು ಪೆನ್ನು ಹಿಡಿದು ಕೂತೆ. ಅವರ ಬಳಿ ಬೆಲ್ಟ್ ಇದ್ದದ್ದು 1963ರಿಂದ 1971ರ ಜನವರಿವರೆಗೆ, ಆಮೇಲೆ 1973ರ ಡಿಸೆಂಬರಿನಿಂದ 1977ರ ಏಪ್ರಿಲ್‌ವರೆಗೆ. ಒಟ್ಟು 11 ವರ್ಷ. ಅಲ್ಲಿ ಕುಸ್ತಿ ಇರುತ್ತಿದ್ದದ್ದು ಸುಮಾರಾಗಿ ತಿಂಗಳಿಗೊಂದು. ಅಂದರೆ 132 ರಾತ್ರಿ. ಬೆಲ್ಟ್ ಇಲ್ಲದಾಗಲೂ ಅವರು ಅಲ್ಲಿ ಸೆಣಸಿದ್ದಾರೆ ನಿಜ. ಆದರೂ ಒಂದೊಂದು ರಾತ್ರಿಯೂ ಹಾಲ್ ಭರ್ತಿ ಆಗಿದ್ದರೂ 187 ಮುಟ್ಟುವುದು ಕಷ್ಟ. ಅದಕ್ಕೇ ಆ ಸಂಖ್ಯೆಯನ್ನು ನನ್ನ ಪಟ್ಟಿಗೆ ಸೇರಿಸಿಲ್ಲ. ಇದರಿಂದ ಅವರ ಮೇಲಿನ ಗೌರವ ಒಂದು ಚೂರೂ ಕಡಿಮೆ ಆಗಿಲ್ಲ. ತಿಂಗಳು ತಿಂಗಳೂ ಅದೇ ಜನರನ್ನು ಮತ್ತೆ ಬರುವಂತೆ ಮಾಡುವುದು ಸುಮ್ನೆ ಮಾತಲ್ಲ.

ಖಾಲಿ ಕುರ್ಚಿಗಳ ಲೆಕ್ಕವನ್ನೂ ಇಡಬೇಕು. ಬಹಳ ವರ್ಷ ಗಾರ್ಡನ್ನಿನಲ್ಲಿ ಕುಸ್ತಿಯೇ ಇರಲಿಲ್ಲ. 1949ರ ಫೆಬ್ರವರಿಯಲ್ಲಿ ಟಿವಿಯಿಂದ ಹೆಸರು ಮಾಡಿದ್ದ ಗಾರ್ಜಸ್ ಜಾರ್ಜ್ ಅವರನ್ನು ಕರೆಸಿ ಮತ್ತೆ ಶುರು ಮಾಡಿದರು. ಜನ ಬರಲಿಲ್ಲ. ಅದೇ ವರ್ಷದ ಕೊನೆಗೆ ಬರಿಗಾಲಲ್ಲಿ ಹಾರಿ ಒದೆಯುವ ಆಂಟೊನಿನೊ ರೊಕ್ಕಾ ಬಂದರು, ಹಾಲ್ ತುಂಬಿತು. ಟಿವಿ ಬಂದದ್ದರಿಂದಲೇ ಗಾರ್ಡನ್ ತುಂಬಿತು ಅನ್ನುವವರಿಗೆ ನಾನು ಈ ಎರಡು ರಾತ್ರಿಗಳನ್ನು ತೋರಿಸುತ್ತೇನೆ.

ಇದೇ ರೊಕ್ಕಾ ಇದ್ದ 1957ರ ನವೆಂಬರ್ 19ರ ಪಂದ್ಯ ಗಲಭೆಯಲ್ಲಿ ಮುಗಿಯಿತು. ಜನ ರಿಂಗಿಗೇ ನುಗ್ಗಿದರು. ರೊಕ್ಕಾ ಎದುರು ಸೆಣಸಿದ್ದ ಡಿಕ್ ದ ಬ್ರೂಯಿಸರ್ ಅವರಿಗೆ ನ್ಯೂಯಾರ್ಕಿನಲ್ಲಿ ಕಾಯಂ ನಿಷೇಧ ಬಿತ್ತು. 14 ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದೂ ನಿಂತಿತು. ಈ ವಿಷಯ ತಿಳಿದ ಮೇಲೆ ತಾರೀಖು ಇಲ್ಲದ ಫೋಟೊ ಸಿಕ್ಕರೆ ರಿಂಗಿಗಿಂತ ಹೆಚ್ಚಾಗಿ ಮುಂದಿನ ಸಾಲುಗಳನ್ನೇ ನೋಡುತ್ತೇನೆ. ಅಪ್ಪನ ಪಕ್ಕ ಹುಡುಗರು ಕೂತಿದ್ದರೆ ಅದು ನಿಷೇಧ ಇದ್ದ ವರ್ಷಗಳದ್ದು ಇರಲಾರದು. ಇದೊಂದೇ ಸಾಕ್ಷಿ ಸಾಲದು, ಟಿಕೆಟ್ಟೋ ಪೇಪರ್ ವರದಿಯೋ ಜೊತೆಗೆ ಬೇಕು. ಎರಡೂ ಹೊಂದಿದರೆ ಮಾತ್ರ ಫೋಟೊ ಹಿಂದೆ ವರ್ಷ ಬರೆಯುತ್ತೇನೆ, ಅದೂ ಪೆನ್ಸಿಲ್ಲಿನಲ್ಲಿ.