ಅಂಗ್ಕೋರ್ ವಾಟ್ ಪಕ್ಕದಲ್ಲಿ ಅಳಗುಳಿ ಮಣೆ: ಮೂರನೇ ಸಲ ಕೈಗೂಡಿತು

ಕಾಂಬೋಡಿಯಾಕ್ಕೆ ಮೂರು ಸಲ ಹೋಗಿದ್ದೇನೆ. ದೇವಸ್ಥಾನ ಮೊದಲ ಸಲವೇ ಮನಸ್ಸು ತುಂಬಿತು. ಅಲ್ಲಿನ ಮಕ್ಕಳ ಜತೆ ನೆಮ್ಮದಿಯಾಗಿ ಹತ್ತು ನಿಮಿಷ ಕೂರೋದಕ್ಕೆ ಮಾತ್ರ ಮೂರನೇ ಸಲ ಹೋಗಬೇಕಾಯಿತು. "ಡಾಲರ್ ಬಿಚ್ಚದೆ ಒಂದು ಮಗುವೂ ನಿನ್ನ ಹತ್ತಿರ ನಿಲ್ಲಲ್ಲ" ಅಂತ ಜತೆಗೆ ಸುತ್ತುವ ಗೆಳೆಯರೆಲ್ಲ ಹೇಳಿದ್ದರು. ನಿಂತರು, ಕೂತರು, ಕತ್ತಲಾಗುವವರೆಗೆ ಆಡಿದರು. ವೀಸಾ, ವಿಮಾನದ ವಿಚಾರ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

2015ರಲ್ಲಿ ಹೋದದ್ದು ಗುಂಪಿನ ಜತೆ. ಅಂಗ್ಕೋರ್ ನೋಡುವ ಮೂರು ದಿನದ ಪಾಸಿಗೆ ಆಗ 40 ಡಾಲರ್. ಬ್ಯಾಗಿನಲ್ಲಿ ಎರಡು ಕಿಲೋ ಚಾಕೊಲೇಟ್ ಇತ್ತು. ಪಶ್ಚಿಮದ ಬಾಗಿಲ ಹತ್ತಿರ ತೆಗೆದೆ. ಎರಡೇ ನಿಮಿಷ. ದೊಡ್ಡ ಹುಡುಗರು ಚಿಕ್ಕವರನ್ನು ತಳ್ಳಿದರು, ಒಬ್ಬ ಪುಟ್ಟ ಹುಡುಗ ಬಿದ್ದು ಅತ್ತ. ಆ ಅಳು ನನಗೆ ಇನ್ನೂ ಮರೆತಿಲ್ಲ.

2017ರ ಕೊನೆಯಲ್ಲಿ ಒಬ್ಬನೇ ಹೋದೆ. ಪಾಸು 62 ಡಾಲರ್ ಆಗಿತ್ತು. ಈ ಸಲ ಪೋಸ್ಟ್‌ಕಾರ್ಡ್ ಕೊಂಡೆ, ಡಾಲರಿಗೆ ಹತ್ತು. ಒಬ್ಬಳ ಹತ್ತಿರ ಕೊಂಡಿದ್ದೇ ತಡ, ಹನ್ನೆರಡು ಮಕ್ಕಳು ಸುತ್ತುವರಿದರು. ಹದಿನಾಲ್ಕೋ ಹದಿನೈದೋ ಡಾಲರ್ ಹೋಯಿತು, ಒಂದು ಮಾತೂ ಹುಟ್ಟಲಿಲ್ಲ. ನಾನಿಳಿದಿದ್ದ ಮನೆಯವರು ರಾತ್ರಿ ಬಿಡಿಸಿ ಹೇಳಿದರು: ಮಗು ಏನಾದರೂ ಮಾರಿದರೆ ದುಡ್ಡು ಬರುತ್ತೆ ಅಂತಾದರೆ ಮನೆಯವರು ಮತ್ತೆ ಮಾರೋಕೇ ಕಳಿಸುತ್ತಾರೆ, ಶಾಲೆ ತಪ್ಪುತ್ತೆ. ಅಲ್ಲಿ ಪ್ರಾಥಮಿಕ ಶಾಲೆ ಹೆಚ್ಚಾಗಿ ಅರ್ಧ ದಿನದ್ದು. ಉಳಿದರ್ಧ ದಿನ ಮಕ್ಕಳು ಹೊರಗೇ ಇರುತ್ತಾರೆ. ಅವತ್ತಿನಿಂದ ಮಕ್ಕಳ ಕೈಯಿಂದ ಏನೂ ಕೊಂಡಿಲ್ಲ.

ಅದೇ ಸಲ ಊರಿಂದ ಮಡಿಸುವ ಅಳಗುಳಿ ಮಣೆಯನ್ನೂ ಒಯ್ದಿದ್ದೆ. ಸುಮಾರು 1,200 ರೂಪಾಯಿ, ಒಳ್ಳೆ ಮರ. ಬಿಚ್ಚಿಟ್ಟ ಕೂಡಲೇ ಮಕ್ಕಳು ಕೇಳಿದ್ದು "ಹೌ ಮಚ್?" ಅಂತ. ಮಾರೋಕೆ ತಂದಿದ್ದೇನೆ ಅಂದುಕೊಂಡರು. ದುಡ್ಡೂ ದಂಡ, ಹೊತ್ತಿದ್ದೂ ದಂಡ.

2019ರಲ್ಲಿ ಏನನ್ನೂ ಒಯ್ಯಲಿಲ್ಲ. ದೇವಸ್ಥಾನಕ್ಕೆ ಹತ್ತಿರದ ಊರು ಸಿಯೆಮ್ ರೀಪ್‌ನ ಸಂತೆಯಲ್ಲಿ ಅರ್ಧ ಕಿಲೋ ಹುಣಸೆಹಣ್ಣು ಕೊಂಡೆ. ಅಲ್ಲಿ ಅದಕ್ಕೆ ಅಂಪಿಲ್ ಅಂತಾರೆ. 4,000 ರಿಯೆಲ್ ಆಗಿರಬೇಕು, ಅಂದರೆ ಒಂದು ಡಾಲರ್. ಬೀಜ ತೊಳೆದು ಒಣಗಿಸಿದೆ. ಟುಕ್‌ಟುಕ್‌ಗೆ ದಿನಕ್ಕೆ 15-20 ಡಾಲರ್ ಕೊಡುವ ಬದಲು ಎರಡು ಮೂರು ಡಾಲರಿಗೆ ಸೈಕಲ್ ಹಿಡಿದೆ. ಬೆಳಗ್ಗೆ ಪೂರ್ವದ ಬಾಗಿಲಿಂದ ಒಳಗೆ ಹೋದೆ. ಸೂರ್ಯೋದಯ ನೋಡುವವರೆಲ್ಲ ಪಶ್ಚಿಮದ ಕೊಳದ ಹತ್ತಿರ ನಿಂತಿರುತ್ತಾರೆ. ಸಮುದ್ರ ಮಥನದ ಕೆತ್ತನೆ ಇರೋದು ಪೂರ್ವದ ಪಡಸಾಲೆಯಲ್ಲಿ, ಹತ್ತಿರ ಹತ್ತಿರ 50 ಮೀಟರ್ ಉದ್ದ. ವಾಸುಕಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಾನೊಬ್ಬನೇ ನಡೆದೆ. 12ನೇ ಶತಮಾನದಲ್ಲಿ ಖ್ಮೇರ್ ದೊರೆ ಎರಡನೇ ಸೂರ್ಯವರ್ಮ ಕಟ್ಟಿಸಿದ್ದನ್ನು ಇಷ್ಟು ಮೌನದಲ್ಲಿ ನೋಡಿದವರು ನಮ್ಮಲ್ಲಿ ಜಾಸ್ತಿ ಇರಲಿಕ್ಕಿಲ್ಲ.

ಮಧ್ಯಾಹ್ನ ಕಂದಕದಾಚೆಯ ಒಂದು ಹಳ್ಳಿಗೆ ಸೈಕಲ್ ತಿರುಗಿಸಿದೆ. ದೇವಸ್ಥಾನದ ಅಂಗಳದಲ್ಲಿ ಗುಳಿ ತೋಡಬಾರದು, ಅಲ್ವಾ? ಯಾವ ಹಳ್ಳಿ ಅಂತ ಬರೆಯಲ್ಲ. ಬರೆದರೆ ಮುಂದಿನ ವರ್ಷ ಅಲ್ಲೂ ಬಸ್ಸು ನಿಲ್ಲುತ್ತೆ. ಒಬ್ಬ ಅಜ್ಜಿ ಕಬ್ಬಿನ ಹಾಲು ಮಾರುತ್ತಿದ್ದರು. ಒಂದು ಲೋಟ ಕುಡಿದು, ಅವರನ್ನು ಸನ್ನೆಯಲ್ಲೇ ಕೇಳಿ, ಅಂಗಡಿ ಮುಂದಿನ ಮಣ್ಣಿನಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ ತೋಡಿದೆ. ಯಾರನ್ನೂ ಕರೆಯಲಿಲ್ಲ, ಕ್ಯಾಮೆರಾ ತೆಗೆಯಲಿಲ್ಲ. ಸುಮ್ನೆ ನನ್ನ ಪಾಡಿಗೆ ಎರಡೂ ಕೈಯ ಆಟ ಆಡಿದೆ.

ಇಪ್ಪತ್ತು ನಿಮಿಷ ಯಾರೂ ಬರಲಿಲ್ಲ. ಆಮೇಲೆ ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ಬಂದು ನಿಂತಳು. ನೋಡಿದಳು, ತಲೆ ಅಲ್ಲಾಡಿಸಿದಳು. ಹಿಮ್ಮಡಿಯಿಂದ ಎರಡೂ ಸಾಲಿನಲ್ಲಿ ಎರಡೆರಡು ಗುಳಿ ಮುಚ್ಚಿಬಿಟ್ಟಳು! ಅವರ ಬಾಯ್ ಖೊಮ್ ಆಟಕ್ಕೆ ಸಾಲಿಗೆ ಐದೇ ಗುಳಿ. ನಾನು ತಪ್ಪು ಆಡುತ್ತಿದ್ದೇನೆ ಅಂತ ತಿದ್ದೋಕೆ ಬಂದಿದ್ದಳು. ಕೊಡುವವನಾಗಿ ಹೋದಾಗ ಎರಡು ಸಲ ಸೋತಿದ್ದೆ. ಏನೂ ಬಾರದವನಾಗಿ ಕೂತಾಗ ಕೆಲಸ ಆಯಿತು. ಮೊದಲ ಬೀಜ ಎಲ್ಲಿಂದ ಎತ್ತಿದರೆ ಮಕ್ಕಳು ತಡೆಯಲಾರದೆ ಓಡಿಬರುತ್ತಾರೆ ಅನ್ನೋದೂ ಆಮೇಲೆ ಗೊತ್ತಾಯಿತು. ಅದು ನನ್ನ ಹತ್ತಿರವೇ ಇರಲಿ.

ಸಂಜೆಗೆ ಏಳೆಂಟು ಮಕ್ಕಳಾದರು. ಎಣಿಕೆ ಅವರೇ ಕಲಿಸಿದರು: ಮುಯ್, ಪಿ, ಬೈ, ಬುವನ್, ಪ್ರಾಂ. ಆರು ಅಂದರೆ ಪ್ರಾಂ-ಮುಯ್, ಐದು ಮತ್ತು ಒಂದು. ನಾನು ಮಣ್ಣಿನಲ್ಲಿ ಕನ್ನಡದ ಅಂಕಿ ಬರೆದೆ, ಪಕ್ಕದಲ್ಲಿ ಅವರು ಖ್ಮೇರ್ ಅಂಕಿ ಬರೆದರು. ಎರಡು, ಮೂರು ಎಷ್ಟು ಹತ್ತಿರ! ಅವರ ಲಿಪಿ ಪಲ್ಲವ ಲಿಪಿಯಿಂದ ಬಂದದ್ದು, ನಮ್ಮದಕ್ಕೂ ಅದಕ್ಕೂ ಬೇರು ಒಂದೇ. ಮಾರನೇ ದಿನ ಇದೇ ಗುಟ್ಟಿನಿಂದ ರಿಯೆಲ್ ನೋಟು ಓದಲು ಹೋದೆ. ಅರ್ಧ ಅಂಕಿ ಸಿಕ್ಕವು, ಉಳಿದರ್ಧ ಕೈಕೊಟ್ಟವು.

ಮೂರು ಸಂಜೆ ಹೋದೆ. ಖರ್ಚು ದಿನಕ್ಕೆ ಎರಡು ಲೋಟ ಕಬ್ಬಿನ ಹಾಲು. ಮೂರನೇ ಸಂಜೆ ಅಜ್ಜಿಯೇ ಅಂಗಡಿ ಬಿಟ್ಟು ಬಂದು ಕುಕ್ಕರಗಾಲಿನಲ್ಲಿ ಕೂತರು. ಐದು ಆಟದಲ್ಲಿ ನಾಲ್ಕು ಗೆದ್ದರು. ಬೀಜವನ್ನೆಲ್ಲ ಅಲ್ಲೇ ಬಿಟ್ಟು ಸೈಕಲ್ ಹತ್ತಿದೆ. ಗುಳಿ ಮುಚ್ಚಿದ ಹುಡುಗಿ ಹಿಂದಿನಿಂದ "ಪೂ!" ಅಂತ ಕೂಗಿದಳು. ಅವರಲ್ಲಿ ಪೂ ಅಂದರೆ ಚಿಕ್ಕಪ್ಪ.